ದೇವರ ಕಾನು: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವನದೇವತಾವಿಚಾರ

1

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಮೂರು ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಣ ಸೀಮೆಗೆ ಸೇರಿದುವು. ಇಲ್ಲಿಯ ಜನರು ಕಾಡನ್ನು ಒಂದೇ ಹೆಸರಿನಿಂದ ಕರೆಯುವವರಲ್ಲ. ಅಡಕೆಯ ತೋಟಕ್ಕೆ ಸೊಪ್ಪು ತರುವ ಕಾಡು ‘ಬೆಟ್ಟ’ವೆನಿಸುವುದು; ಹುಲ್ಲು ಬೆಳೆಯುವ ಬಯಲು ‘ಬೇಣ’ವೆನಿಸುವುದು; ಕಡಿದು, ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದುವನ್ನು ಬಿತ್ತುತ್ತಿದ್ದ ಕಾಡಿಗೆ ‘ಕುಮರಿ’ಯೆಂದು ಹೆಸರು. ಇವೆಲ್ಲಕ್ಕೂ ಬೇರೆಯಾಗಿ, ಬೇಸಗೆಯಲ್ಲಿಯೂ ಎಲೆಯುದುರದೆ, ಬಿಸಿಲು ನೆಲವನ್ನು ಮುಟ್ಟದಂತೆ ದಟ್ಟವಾಗಿ ನಿಂತ ಕಾಡಿಗೆ ಮಾತ್ರ ‘ಕಾನು’ ಎಂಬ ಹೆಸರು ಸಲ್ಲುವುದು. ಕಾನಿನಲ್ಲಿ ದೇವರ ಕಲ್ಲು ಇದ್ದರೆ ಅದು ‘ದೇವರ ಕಾನು’. ಅದೇ ಸಣ್ಣದಾಗಿ ಊರ ಅಂಚಿನಲ್ಲಿದ್ದರೆ ‘ಬನ’.

ಕಾನು ಎಂಬುದು ದ್ರಾವಿಡ ಭಾಷೆಗಳ ಹಳೆಯ ಮಾತು. ತಮಿಳಿನಲ್ಲಿಯೂ ‘ಕಾನ್’ ಎಂದರೆ ಕಾಡೇ. ಸಂಸ್ಕೃತದ ‘ಕಾನನ’ ಶಬ್ದವು ಇದರಿಂದಲೇ ಹುಟ್ಟಿತೆಂದು ಹೇಳುವ ಭಾಷಾಶಾಸ್ತ್ರಜ್ಞರುಂಟು. ‘ಬನ’ವಾದರೋ ಸಂಸ್ಕೃತ ‘ವನ’ದ ತದ್ಭವ. ಕ್ರಿ. ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನ ನೆನಪಿನಲ್ಲಿ ಅಳಿಯದೆ ನಿಂತ ಬನವಾಸಿಯು ಶಿರಸಿ ತಾಲ್ಲೂಕಿನದೇ. ಹೀಗೆ ಒಂದೇ ಸೀಮೆಯಲ್ಲಿ ದೇಸಿಯ ಕಾನೂ ತದ್ಭವದ ಬನವೂ ಜೊತೆಜೊತೆಯಾಗಿ ಬಾಳಿರುವುವು. ಮಾತಿನಲ್ಲಿ ಕಾಣುವ ಈ ಸಹವಾಸವು ಆರಾಧನೆಯಲ್ಲಿಯೂ ಕಾಣುವುದೋ, ಅಥವಾ ಅಲ್ಲಿ ಒಂದು ಮತ್ತೊಂದನ್ನು ನುಂಗಿತೋ ಎಂಬುದು ಈ ಲೇಖನದಲ್ಲಿ ವಿಚಾರಿಸತಕ್ಕ ವಿಷಯ.

2

ಕಾಡಿನ ದೇವರನ್ನು ಕುರಿತು ಬರೆಯುವ ಪಾಶ್ಚಾತ್ಯರು ಮೊದಲು ನೆನೆಯುವುದು ಡ್ರೂಯಿಡರನ್ನು. ಇವರು ಗಾಲ್ ದೇಶ, ಬ್ರಿಟನ್, ಐರ್ಲೆಂಡುಗಳಲ್ಲಿದ್ದ ಕೆಲ್ಟ್ ಜನರ ಪುರೋಹಿತರು ಮತ್ತು ವಿದ್ವಾಂಸರು. ಸಂಸ್ಕೃತಜ್ಞನ ಕಿವಿಗೆ ಈ ಹೆಸರು ಅಪರಿಚಿತವಾಗಿ ಕೇಳಿಸದು. ‘ದ್ರು’ ಎಂದರೆ ಮರ. ದ್ರುಮ, ದಾರು ಎಂಬ ಶಬ್ದಗಳಲ್ಲಿ ಅದೇ ಇರುವುದು. ‘ವಿದ್’ ಎಂದರೆ ತಿಳಿಯುವುದು. ವೇದ ಶಬ್ದಕ್ಕೆ ಅದೇ ಧಾತು. ಕೆಲ್ಟ್ ಭಾಷೆಯ ಹೆಸರನ್ನೂ ಈ ಎರಡರ ಸಜಾತೀಯ ರೂಪಗಳಾಗಿ ಒಡೆದು, ‘ಮರವನ್ನು ಬಲ್ಲವನು’ ಎಂದು ಅರ್ಥಮಾಡುವುದು ಬಹುಜನಸಮ್ಮತವಾದ ಪಕ್ಷ. ಮೊದಲ ಅವಯವಕ್ಕೆ ‘ದೃಢವಾದ’ ಎಂಬ ಅರ್ಥವನ್ನು ಹೇಳಿ, ‘ದೃಢಜ್ಞಾನಿ’ ಎನ್ನುವ ಪಕ್ಷವೂ ಉಂಟು.

ಜೂಲಿಯಸ್ ಸೀಸರನು ತನ್ನ ಗಾಲ್ ಯುದ್ಧಗ್ರಂಥದ ಆರನೆಯ ಭಾಗದಲ್ಲಿ ಇವರ ವೃತ್ತಾಂತವನ್ನು ಕೊಟ್ಟಿರುವನು. ಇವರ ಶಿಷ್ಯರಲ್ಲಿ ಕೆಲವರು ಇಪ್ಪತ್ತು ವರ್ಷ ಅಧ್ಯಯನಮಾಡುತ್ತಿದ್ದರೆಂದೂ, ವಿದ್ಯೆಯನ್ನು ಬರೆಯಕೂಡದೆಂದು ನಿಯಮವಿದ್ದುದರಿಂದ ಎಲ್ಲವನ್ನೂ ಕಂಠಸ್ಥವಾಗಿಯೇ ಕಲಿಯುತ್ತಿದ್ದರೆಂದೂ ಅವನು ಹೇಳುವನು. ಗುರುಮುಖದಿಂದ ವೇದವನ್ನು ಕಲಿತವರಿಗೆ ಈ ಸಂಗತಿಯು ಅಚ್ಚರಿಯಾಗದು. ಆದರೆ ಮರದ ಪೂಜೆಯ ಮಾತು ಸೀಸರನಲ್ಲಿಲ್ಲ. ಅದನ್ನು ಹೇಳಿದವನು ಕ್ರಿ. ಶ. ಒಂದನೆಯ ಶತಮಾನದ ಪ್ಲಿನಿ. ಓಕ್ ಮರದ ಮೇಲೆ ಬೆಳೆದ ಬಂದಳಿಕೆಯನ್ನು ಚಂದ್ರನ ಆರನೆಯ ದಿನ ಬಿಳಿಯ ಬಟ್ಟೆಯನ್ನುಟ್ಟ ಡ್ರೂಯಿಡನು ಮರವೇರಿ ಚಿನ್ನದ ಕುಡುಗೋಲಿನಿಂದ ಕೊಯ್ಯುತ್ತಿದ್ದನೆಂದೂ, ಎರಡು ಬಿಳಿಯ ಹೋರಿಗಳನ್ನು ಬಲಿಗೊಡುತ್ತಿದ್ದರೆಂದೂ ಅವನು ವರ್ಣಿಸಿರುವನು. ಕೆಲ್ಟರ ಪವಿತ್ರವನಕ್ಕೆ ‘ನೆಮೆಟಾನ್’ ಎಂದು ಹೆಸರು. ಏಷ್ಯಾ ಮೈನರಿಗೆ ವಲಸೆಹೋದ ಕೆಲ್ಟರು ತಮ್ಮ ಸಭೆಯನ್ನು ‘ದ್ರುನೆಮೆಟಾನ್’ ಎಂಬ ಸ್ಥಳದಲ್ಲಿ ಸೇರಿಸುತ್ತಿದ್ದರೆಂದು ಸ್ಟ್ರಾಬೋ ಬರೆದಿರುವನು.

ಈ ವನಗಳ ಅಂತ್ಯವೂ ರೋಮನರ ಬರಹದಿಂದಲೇ ತಿಳಿದುಬರುವುದು. ಮಾಸಿಲಿಯಾ ನಗರದ ಮುತ್ತಿಗೆಯ ಕಾಲದಲ್ಲಿ ಸೈನಿಕರು ಪವಿತ್ರವನವನ್ನು ಕಡಿಯಲು ಹೆದರಿ ನಿಂತಾಗ ಸೀಸರನು ತಾನೇ ಕೊಡಲಿಯನ್ನೆತ್ತಿ ಮೊದಲ ಏಟು ಹಾಕಿದನೆಂದು ಲೂಕನ್ ಕವಿಯು ತನ್ನ ಕಾವ್ಯದಲ್ಲಿ ಚಿತ್ರಿಸಿರುವನು. ಕ್ರಿ. ಶ. 60ರ ಸುಮಾರಿಗೆ ಮೋನಾ ದ್ವೀಪವನ್ನು ಗೆದ್ದ ರೋಮನ್ ಸೇನೆಯು ಅಲ್ಲಿಯ ವನಗಳನ್ನು ನೆಲಸಮಮಾಡಿತೆಂದು ಟಾಸಿಟಸನು ಹೇಳುವನು. ಡ್ರೂಯಿಡರು ತಾವಾಗಿ ಒಂದಕ್ಷರವನ್ನೂ ಬರೆದಿಡಲಿಲ್ಲ. ಅವರ ವಿಷಯದಲ್ಲಿ ನಮಗೆ ದೊರೆತ ಪ್ರಾಚೀನ ಸಾಕ್ಷ್ಯದ ಬಹುಭಾಗವು ಅವರನ್ನು ಗೆದ್ದವರದು. 18ನೆಯ ಶತಮಾನದಿಂದೀಚೆಗೆ ಬ್ರಿಟನ್ನಿನಲ್ಲಿ ಹುಟ್ಟಿದ ಡ್ರೂಯಿಡ್ ಸಂಘಗಳು ಪ್ರಕೃತಿಯ ಪೂಜ್ಯತೆಯನ್ನು ಸಾರುವುವಾದರೂ ಅವುಗಳಿಗೂ ಪ್ರಾಚೀನರಿಗೂ ನಡುವೆ ಅವಿಚ್ಛಿನ್ನವಾದ ಗುರುಪರಂಪರೆಯಿಲ್ಲ. ಆದುದರಿಂದ ಜೀವಂತವಾದ ವನಾರಾಧನೆಯನ್ನು ತಿಳಿಯಬಯಸುವವನು ಮೋನಾ ದ್ವೀಪಕ್ಕಿಂತ ಸಿದ್ದಾಪುರದ ಕಾನಿಗೆ ಹೋಗುವುದು ಮೇಲು.

3

ವೈದಿಕವಾಙ್ಮಯದಲ್ಲಿ ವನಕ್ಕೆ ಸಲ್ಲುವ ಗೌರವವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಋಗ್ವೇದದ ಹತ್ತನೆಯ ಮಂಡಲದ 146ನೆಯ ಸೂಕ್ತವು ಅರಣ್ಯಾನಿಯೆಂಬ ವನದೇವತೆಯನ್ನು ಸ್ತುತಿಸುವುದು. ಪ್ರಕೃತಕ್ಕೆ ಇದಕ್ಕಿಂತ ಹೆಚ್ಚು ಉಪಯುಕ್ತವಾದುದು ಯೂಪಚ್ಛೇದನವಿಧಿ. ಪಶುಯಾಗಕ್ಕೆ ಯೂಪವನ್ನು ತರಲು ಅಧ್ವರ್ಯುವು ಕಾಡಿಗೆ ಹೋಗಿ, ತಕ್ಕ ಮರವನ್ನಾರಿಸಿ, ಕೊಡಲಿಗೂ ಮರಕ್ಕೂ ನಡುವೆ ದರ್ಭೆಯನ್ನಿಟ್ಟು, ಇದನ್ನು ಕಾಪಾಡೆಂದು ದರ್ಭೆಯನ್ನೂ ಹಿಂಸಿಸಬೇಡವೆಂದು ಕೊಡಲಿಯನ್ನೂ ಪ್ರಾರ್ಥಿಸುವನು. ಮರವು ಬಿದ್ದಮೇಲೆ ಬುಡದಲ್ಲಿ ಆಜ್ಯವನ್ನು ಹೋಮಿಸಿ, ಅದು ಮತ್ತೆ ನೂರು ಕವಲಾಗಿ ಚಿಗುರಲಿಯೆಂದು ಬೇಡುವನು. ಕಡಿಯಬೇಕಾದಾಗಲೂ ಕಡಿಯುವವನು ಅಪರಾಧಿಯಂತೆ ನಡೆದುಕೊಳ್ಳುವನೆಂಬುದು ಇದರ ತಾತ್ಪರ್ಯ.

ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಿ ಇದರ ಲೋಕರೂಪವನ್ನು ಕಾಣಬಹುದು. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಯ ರಥಕ್ಕೆ ಬೇಕಾದ ಮರವನ್ನು ಸುಮ್ಮನೆ ಕಡಿದು ತರುವುದಿಲ್ಲ. ಮೊದಲು ವೃಕ್ಷಪೂಜೆಯು ನಡೆದು, ಅನಂತರವೇ ಮರಕ್ಕೆ ಕಚ್ಚು ಹಾಕುವರು. ರೋಮನರಲ್ಲಿಯೂ ಇಂಥದೇ ವಿಧಿಯಿದ್ದಿತು. ಪವಿತ್ರವನದ ಮರಗಳನ್ನು ತೆಳುಮಾಡುವ ರೈತನು ಹಂದಿಯನ್ನು ಬಲಿಕೊಟ್ಟು, ಅಲ್ಲಿರುವುದು ದೇವನಾಗಲಿ ದೇವಿಯಾಗಲಿ ಕ್ಷಮಿಸಲಿಯೆಂದು ಪ್ರಾರ್ಥಿಸಬೇಕೆಂದು ಕೇಟೋ ತನ್ನ ಕೃಷಿಗ್ರಂಥದಲ್ಲಿ ವಿಧಿಸಿರುವನು. ದೇವತೆಯ ಹೆಸರು ಗೊತ್ತಿಲ್ಲದಿದ್ದರೂ ಅನುಮತಿ ಬೇಡುವುದು ತಪ್ಪುವಂತಿರಲಿಲ್ಲ.

ಈ ಸೀಮೆಯ ಮೊದಲ ಪ್ರಸಿದ್ಧ ರಾಜವಂಶದ ಹೆಸರಿಗೂ ಒಂದು ಮರವೇ ಮೂಲ. ಬನವಾಸಿಯ ಕದಂಬರ ಮನೆಯ ಬಳಿ ಕದಂಬವೃಕ್ಷವೊಂದು ಬೆಳೆದಿದ್ದಿತೆಂದೂ, ಅದನ್ನು ಆ ಮನೆಯವರು ಆದರದಿಂದ ಪೋಷಿಸುತ್ತಿದ್ದುದರಿಂದ ಅವರಿಗೆ ಆ ಹೆಸರಾಯಿತೆಂದೂ ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಹೇಳುವುದು. ವೇದಾಧ್ಯಯನಕ್ಕೆಂದು ಕಾಂಚಿಗೆ ಹೋದ ಮಯೂರಶರ್ಮನ ಕುಲವು ತನ್ನ ಗುರುತನ್ನು ಮನೆಯ ಮಗ್ಗುಲ ಮರದಿಂದ ಪಡೆದುದು ಗಮನಾರ್ಹ. ವೈದಿಕವಿದ್ಯೆಯೂ ವೃಕ್ಷಾದರವೂ ಒಂದೇ ಮನೆಯಲ್ಲಿ ವಿರೋಧವಿಲ್ಲದೆ ಇದ್ದುವೆಂಬುದಕ್ಕೆ ಇದಕ್ಕಿಂತ ಹಳೆಯ ಲಿಖಿತಸಾಕ್ಷ್ಯವನ್ನು ಈ ನಾಡಿನಲ್ಲಿ ಹುಡುಕುವುದು ಕಷ್ಟ.

4

ಇನ್ನು ಕಾನಿನ ದೇವತೆಗಳ ವಿಷಯ. ಚೌಡಿ, ಜಟಕ, ಭೂತಪ್ಪ, ಬೀರಪ್ಪ, ಮಾಸ್ತಿ, ನಾಗ, ಹುಲಿದೇವರು ಎಂಬಿವು ಇಲ್ಲಿ ಪದೇಪದೇ ಕೇಳಿಬರುವ ಹೆಸರುಗಳು. ಇವಕ್ಕೆ ಬಹುಮಟ್ಟಿಗೆ ಗುಡಿಯಿಲ್ಲ. ಮರದ ಬುಡದಲ್ಲಿ ಒಂದು ಹಾಸುಗಲ್ಲು ಅಥವಾ ಕೆತ್ತದ ಕಲ್ಲು, ಕೆಲವೆಡೆ ಹರಕೆಯ ಮಣ್ಣಿನ ಗೊಂಬೆ, ಇಷ್ಟೇ. ದೀಪಾವಳಿಯಲ್ಲಿ ಗೋಪೂಜೆಯಾದ ಮೇಲೆ ದನ ಮೇಯುವ ಕಾಡಿನ ಹುಲಿದೇವರಿಗೆ ಕಾಯಿ ಒಡೆಯುವ ವಾಡಿಕೆಯು ಮಲೆನಾಡಿನಲ್ಲಿ ಹಲವೆಡೆ ಉಂಟು. ದನವನ್ನು ತಿನ್ನುವ ಹುಲಿಗೂ ದನದ ಹಬ್ಬದ ದಿನ ಪಾಲಿರುವುದು ಕಾಡಿನ ಜನರ ನ್ಯಾಯಬುದ್ಧಿಯನ್ನು ತೋರಿಸುವುದು.

ಪೂಜಿಸುವವರು ಒಂದೇ ಜಾತಿಯವರಲ್ಲ. ಒಕ್ಕಲಿಗರು, ದೀವರು, ಹವ್ಯಕರು, ಕುಣಬಿಗಳು ಎಲ್ಲರೂ ತಮ್ಮ ತಮ್ಮ ರೀತಿಯಲ್ಲಿ ನಡೆದುಕೊಳ್ಳುವರು. ಒಬ್ಬನು ಕೋಳಿ ಕೊಡುವ ಕಲ್ಲಿಗೆ ಮತ್ತೊಬ್ಬನು ಕಾಯಿ ಒಡೆಯುವನು. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿ ಸಿದ್ದಿ ಜನರು ‘ಸಿದ್ದಿನಾಸ್’ ಎಂಬ ತಮ್ಮ ಮೂಲದೇವರನ್ನು ಕಾಡಿನ ನಡುವೆ ಪೂಜಿಸುವರು. ಆಫ್ರಿಕಾದ ಮೂಲದವರಾದ ಇವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಮತದವರಿದ್ದರೂ ಆ ಪೂಜೆಗೆ ಮತಭೇದವಿಲ್ಲದೆ ಸೇರುವರು. ಡ್ರೂಯಿಡರಿಗೂ ಕಾನಿನವರಿಗೂ ಇರುವ ಮುಖ್ಯಭೇದವು ಇಲ್ಲಿಯೇ ಕಾಣುವುದು. ಅಲ್ಲಿ ವನದ ವಿದ್ಯೆಯು ದೀರ್ಘಕಾಲ ಕಲಿತ ಪಂಡಿತವರ್ಗದ ಸೊತ್ತಾಗಿದ್ದಿತು. ಆ ವರ್ಗವು ನಾಶವಾಗಲು ವಿದ್ಯೆಯೂ ನಾಶವಾಯಿತು. ಇಲ್ಲಿ ಅದು ಊರಿನವರೆಲ್ಲರ ನಡವಳಿಕೆಯಾಗಿದ್ದಿತು. ಆದುದರಿಂದಲೇ ಅರಸರು ಮಾರ್ಪಟ್ಟರೂ ಉಳಿಯಿತು.

ಕಾನಿನ ನಿಯಮವು ಸರಳವಾದುದು. ಹಸಿಮರಕ್ಕೆ ಕೊಡಲಿ ಹಾಕಬಾರದು, ಬೆಂಕಿಯಿಡಬಾರದು. ಆದರೆ ಕಾನನ್ನು ಬಳಸಲೇಬಾರದೆಂಬ ನಿಷೇಧವಿಲ್ಲ. ಮರಕ್ಕೆ ಹಬ್ಬಿದ ಕಾಳುಮೆಣಸು, ದಾಲ್ಚಿನ್ನಿ, ಉಪ್ಪಾಗೆ, ಮುರುಗಲು, ಬೆತ್ತ, ಬಗನಿ, ಹಲಸು, ಮಾವು, ಜೇನು ಇವೆಲ್ಲವೂ ಕಾನಿನಿಂದ ಊರಿಗೆ ಬರುತ್ತಿದ್ದುವು. ಮೆಣಸಿನ ದೆಸೆಯಿಂದ ಕಾನುಗಳ ಮೇಲೆ ಹಿಂದಿನ ಅರಸರು ಕಂದಾಯವನ್ನೂ ವಿಧಿಸಿದ್ದರು. ಇವೆಲ್ಲಕ್ಕಿಂತ ದೊಡ್ಡ ಫಲವೆಂದರೆ ನೀರು. ಈ ಸೀಮೆಯ ಅಡಕೆಯ ತೋಟಗಳು ಕಣಿವೆಯ ತಳದಲ್ಲಿರುವುವು. ಅವುಗಳ ನೆತ್ತಿಯ ಮೇಲಿನ ಕಾನು ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಹಳ್ಳವಾಗಿ ಇಳಿಸುವುದು.

ಸಿದ್ದಾಪುರ ತಾಲ್ಲೂಕಿನಲ್ಲಿ ಶರಾವತಿಯ ಕಣಿವೆಯ ಕಡೆಗಿರುವ ಕತ್ತಲೆಕಾನು ಇದಕ್ಕೆ ನಿದರ್ಶನ. ಹಗಲಿನಲ್ಲಿಯೂ ಬೆಳಕು ಸುಳಿಯದ ಕಾನೆಂಬುದೇ ಹೆಸರಿನ ಅರ್ಥ. ಅಲ್ಲಿ ಸದಾ ನೀರು ಒಸರುವ ತಗ್ಗುಗಳಲ್ಲಿ ‘ರಾಮಪತ್ರೆ ಜಡ್ಡಿ’ಗಳಿರುವುವು, ಜಾಯಿಕಾಯಿಯ ಕುಲಕ್ಕೆ ಸೇರಿದ ಮರಗಳು ಕೆಸರಿನಿಂದ ಉಸಿರಾಡುವುದಕ್ಕಾಗಿ ಮೊಣಕಾಲಿನಂತೆ ಬಾಗಿದ ಬೇರುಗಳನ್ನು ನೆಲದ ಮೇಲಕ್ಕೆ ಎತ್ತಿರುವುವು. ಬಹು ಪ್ರಾಚೀನಕಾಲದ ಸಸ್ಯಸಮುದಾಯಗಳ ಶೇಷವಿದೆಂದು ಸಸ್ಯಶಾಸ್ತ್ರಜ್ಞರ ಮತ. ಗೇರಿನ ಕುಟುಂಬದ ಹೊಸ ಮರವೊಂದನ್ನು ಇಲ್ಲಿ ಕಂಡು 2000ದಲ್ಲಿ ವಿವರಿಸಿದ ಶಾಸ್ತ್ರಜ್ಞರು ಅದಕ್ಕೆ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಈ ಕಾನಿನ ಹೆಸರನ್ನೇ ಇಟ್ಟರು. ಊರವರ ಮಾತೊಂದು ಹೀಗೆ ಲ್ಯಾಟಿನ್ ಪ್ರತ್ಯಯವನ್ನು ಧರಿಸಿ ಜಗತ್ತಿನ ಶಾಸ್ತ್ರಕ್ಕೆ ಸೇರಿತು. ಸಿಂಗಳೀಕಗಳ ಆಶ್ರಯವಾದ ಈ ಭಾಗದ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಸರಕಾರವು ಘೋಷಿಸಿತು.

5

ಈಗ ಒಂದು ಪೂರ್ವಪಕ್ಷ. 1801ರಲ್ಲಿ ಕನ್ನಡ ಜಿಲ್ಲೆಯಲ್ಲಿ ಸಂಚರಿಸಿ, ಘಟ್ಟವನ್ನು ಹತ್ತಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳನ್ನು ನೋಡಿದ ಫ್ರಾನ್ಸಿಸ್ ಬುಕಾನನನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಒಂದು ಸಂಗತಿಯನ್ನು ದಾಖಲಿಸಿರುವನು. ಕರಾವಳಿಯ ಕಡೆ ಕಾಡುಗಳು ಆಯಾ ಊರಿನ ದೇವರ ಸೊತ್ತೆಂದೂ, ಊರಗೌಡನೇ ಅಲ್ಲಿ ಪೂಜಾರಿಯೆಂದೂ, ಅವನ ಅಪ್ಪಣೆಯಿಲ್ಲದೆ ಮರ ಕಡಿಯಬಾರದೆಂದೂ, ಅಪ್ಪಣೆಗಾಗಿ ದೇವರಿಗೆ ಏನನ್ನೂ ಕೊಡಬೇಕಾಗಿಲ್ಲವಾದರೂ ಕೇಳದೆ ಕಡಿದವನಿಗೆ ದೇವರ ಮುನಿಸು ತಟ್ಟುವುದೆಂದು ಜನರು ನಂಬುವರೆಂದೂ ಅವನು ಬರೆಯುವನು. ಇಷ್ಟನ್ನು ಹೇಳಿ, ಇದೆಲ್ಲವೂ ಸರಕಾರವು ಕಾಡಿನ ಒಡೆತನವನ್ನು ಕೇಳದಿರಲೆಂದು ಹೂಡಿದ ಉಪಾಯವಷ್ಟೆ ಎಂದು ತೀರ್ಮಾನಿಸುವನು.

ಈ ಪಕ್ಷವನ್ನು ಪೂರಾ ತಳ್ಳಿಹಾಕುವಂತಿಲ್ಲ. ದೇವರ ಸೊತ್ತೆಂದರೆ ಅರಸನು ಮುಟ್ಟಲು ಹಿಂಜರಿಯುವನೆಂಬುದು ಜನರಿಗೆ ತಿಳಿಯದ ಸಂಗತಿಯೇನೂ ಅಲ್ಲ. ಆದರೆ ಇದೊಂದೇ ಕಾರಣವೆನ್ನುವುದು ಯುಕ್ತವಲ್ಲ. ಸರಕಾರವನ್ನು ವಂಚಿಸುವುದೇ ಉದ್ದೇಶವಾಗಿದ್ದರೆ ನಿಯಮವು ಹೊರಗಿನವರಿಗೆ ಮಾತ್ರ ಸಾಕಾಗಿದ್ದಿತು. ಇಲ್ಲಿಯಾದರೋ ಅದು ಊರವರನ್ನೇ ಮೊದಲು ಕಟ್ಟುವುದು. ಮೇಲಾಗಿ, ಕುಮರಿಗಾಗಿ ಸುತ್ತಲಿನ ಕಾಡನ್ನು ಕಡಿದು ಸುಡುತ್ತಿದ್ದ ಜನರೇ ಕಾನನ್ನು ಬಿಟ್ಟು ಕಡಿಯುತ್ತಿದ್ದರು. ಅರಸನ ಕಣ್ಣು ಬೀಳದ ಒಳಗಾಡಿನಲ್ಲಿ ವಂಚನೆಯ ಪ್ರಯೋಜನವೇನು?

ಅದಕ್ಕೆ ವಿರುದ್ಧವಾದ ಮತ್ತೊಂದು ಪಕ್ಷವು ಇತ್ತೀಚಿನದು. ನೀರನ್ನೂ ಜೀವಜಾತಿಗಳನ್ನೂ ಕಾಪಾಡಲು ಹಿರಿಯರು ಜಾಣ್ಮೆಯಿಂದ ದೇವರನ್ನು ನೆಪಮಾಡಿದರೆಂದು ಆ ಪಕ್ಷದವರು ಹೊಗಳುವರು. ಹೊಗಳಿಕೆಯಾದರೂ ಇದು ಬುಕಾನನನ ಮಾತಿನ ಒಡಹುಟ್ಟೇ. ಎರಡರಲ್ಲಿಯೂ ದೇವರು ನೆಪ.

ಇಲ್ಲಿ ಮೀಮಾಂಸಕರ ವಿವೇಕವು ನೆರವಾಗುವುದು. ಯಾಗಕ್ಕೆ ಭತ್ತವನ್ನು ಕುಟ್ಟಿಯೇ ಅಕ್ಕಿಮಾಡಬೇಕೆಂಬ ವಿಧಿಯುಂಟು. ಹೊಟ್ಟು ಬಿಡಿಸುವುದು ದೃಷ್ಟಫಲ. ಅದು ಉಗುರಿನಿಂದ ಸುಲಿದರೂ ಆಗುವುದು. ಹಾಗಾದರೆ ಕುಟ್ಟಬೇಕೆಂದು ವಿಧಿಸಿದುದೇಕೆ? ಕ್ರಿಯೆಯ ಫಲವು ದೃಷ್ಟವಾದರೂ ಹೀಗೆಯೇ ಮಾಡಬೇಕೆಂಬ ಕಟ್ಟುಪಾಡಿನಿಂದ ಬೇರೊಂದು ಅದೃಷ್ಟವು ಹುಟ್ಟುವುದೆಂದು ಅವರ ಉತ್ತರ, ಅದನ್ನು ನಿಯಮಾಪೂರ್ವವೆನ್ನುವರು. ದೃಷ್ಟವು ಅದೃಷ್ಟವನ್ನು ಸುಳ್ಳುಮಾಡುವುದಿಲ್ಲ. ಅದೃಷ್ಟವು ದೃಷ್ಟಕ್ಕೆ ನೆಪವೂ ಅಲ್ಲ. ಕಾನಿನ ನಿಯಮವನ್ನು ಹೀಗೆಯೇ ತಿಳಿಯುವುದು ಯುಕ್ತ. ತೋಟಕ್ಕೆ ನೀರು ಬರುವುದೆಂಬುದು ಒಕ್ಕಲಿಗೆ ಚೆನ್ನಾಗಿ ಗೊತ್ತು. ಆದರೂ ಅವನು ಚೌಡಿಗೆ ಕಾಯಿ ಒಡೆಯುವಾಗ ನೀರಿನ ಲೆಕ್ಕವನ್ನು ಮರೆಸಿ ನಟಿಸುತ್ತಿಲ್ಲ. ತನ್ನದಲ್ಲದ ಒಂದರ ಮುಂದೆ ಕೈಕಟ್ಟಿ ನಿಲ್ಲುವ ಆ ನಡತೆಯೇ ಬೇರೊಂದು ಫಲ. ಲೆಕ್ಕದಿಂದ ಮಾತ್ರ ಉಳಿಸಿದ ಕಾಡು ಲೆಕ್ಕ ಬದಲಾದ ದಿನ ಉರುಳುವುದು. ಮುಂದಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

6

1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1865ರ ಮತ್ತು 1878ರ ಅರಣ್ಯಶಾಸನಗಳು ಕಾಡನ್ನು ಸರಕಾರದ ಸೊತ್ತಾಗಿಸಿದುವು. ಆ ಕಾಲದ ಅಧಿಕಾರಿಗಳಲ್ಲಿ ಕಾನಿನ ಬೆಲೆಯನ್ನು ಅರಿತವರಿಲ್ಲದಿಲ್ಲ. ನೆರೆಯ ಸೊರಬ ತಾಲ್ಲೂಕಿನಲ್ಲಿ 171 ಕಾನುಗಳಿರುವುವೆಂದು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಣಿಸಿದರು. ಶಿರಸಿಯ ಸೀಮೆಯ ಕಾನುಗಳು ನೀರಿನ ಸೆಲೆಗಳನ್ನು ಕಾಯುವುವೆಂದು ಅರಣ್ಯ ವ್ಯವಸ್ಥೆಯ ಅಧಿಕಾರಿ ವಿಂಗೇಟನು 1888ರಲ್ಲಿ ಬರೆದನು. ಆದರೆ ದಫ್ತರದಲ್ಲಿ ‘ಕಾನು’ ಎಂಬ ಮಾತು ಕ್ರಮೇಣ ಮಾಸಿತು. ದೇವರ ಕಾನೂ ಸಾಮಾನ್ಯವಾದ ಕಾಡೂ ಒಂದೇ ‘ರಕ್ಷಿತಾರಣ್ಯ’ವೆಂಬ ಹೆಸರಿನಲ್ಲಿ ಬೆರೆತುಹೋದುವು. ಹೆಸರು ಹೋಗಲು ನಿಯಮವೂ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ಪ್ಲೈವುಡ್ ಮೊದಲಾದ ಕೈಗಾರಿಕೆಗಳಿಗೆ ನಿತ್ಯಹಸುರಿನ ಕಾಡಿನ ಮೆದುಮರವೂ ಬೇಕಾಗಲು ಹಲವು ಕಾನುಗಳಿಗೆ ಕೊಡಲಿ ತಾಗಿತು. ಕೊಡಗಿನ ದೇವರಕಾಡುಗಳ ಗತಿಯೂ ಇಂಥದೇ. 1873ರಲ್ಲಿ 15,506 ಎಕರೆಯಿದ್ದ ಅವು 1985ರ ವೇಳೆಗೆ 6,299 ಎಕರೆಗೆ ಇಳಿದುವು.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಸೆಯ ಕಾಡಿಗೆ ನಡೆದು, ಕಡಿಯಲು ಬಂದವರ ಮುಂದೆ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣರ ಪ್ರೇರಣೆಯೂ ಪಾಂಡುರಂಗ ಹೆಗಡೆಯವರ ಶ್ರಮವೂ ಸೇರಿ ಅದು ‘ಅಪ್ಪಿಕೋ’ ಎಂಬ ಚಳವಳಿಯಾಯಿತು. ‘ಅಪ್ಪಿಕೋ’ ಎಂಬುದು ಅಚ್ಚಗನ್ನಡದ ಮಾತು. ಮಾಸಿಲಿಯಾದ ವನದಲ್ಲಿ ಕೊಡಲಿಯು ಎದ್ದಾಗ ಅದನ್ನು ತಡೆದವರನ್ನು ಲೂಕನ್ ಕಾಣಲಿಲ್ಲ, ಸಾಲ್ಕಣಿಯಲ್ಲಿ ತಡೆದವರಿದ್ದರು.

ಆದರೆ ಕಾನಿಗೆ ಒದಗಿದ ಹಾನಿಯೆಲ್ಲವೂ ಸರಕಾರದಿಂದಲೂ ಕಂಟ್ರಾಟುದಾರರಿಂದಲೂ ಆಯಿತೆನ್ನುವುದು ಸತ್ಯವಲ್ಲ. ಒಂದು ಭಾಗವು ಶಾಸ್ತ್ರವನ್ನು ಕಲಿತವರಿಂದಲೇ ಆಗಿರುವುದು. ಬಯಲಿನ ಕಲ್ಲಿಗೆ ಗುಡಿ ಕಟ್ಟಿಸುವುದು ಪುಣ್ಯವೆಂಬ ಬುದ್ಧಿಯಿಂದ ಚೌಡಿಯು ದುರ್ಗಾಪರಮೇಶ್ವರಿಯಾಗುವಳು; ಪ್ರತಿಷ್ಠೆ, ಕಲಶ, ಸಭಾಮಂಟಪಗಳು ಬರುವುವು. ಮಂಟಪಕ್ಕೆ ಜಾಗ ಬೇಕಾಗಲು ಬನದ ಮರವೇ ಬೀಳುವುದು. ಹೆಂಚಿನ ಮಾಡು ಬಂದಮೇಲೆ ಎಲೆಯ ಮಾಡು ಅನಾವಶ್ಯಕವೆಂದು ತೋರುವುದು. ಕಾನಿನಲ್ಲಿ ಕಾಡೇ ದೇವಸ್ಥಾನವಾಗಿದ್ದಿತು. ಕಲ್ಲು ಅದರ ಗುರುತು ಮಾತ್ರ. ಗುರುತಿಗೆ ಗೌರವ ಸಲ್ಲಿಸಿ ಗುರುತಿಸಲ್ಪಟ್ಟುದನ್ನು ಕಡಿಯುವುದು ಶಬ್ದವನ್ನು ಇಟ್ಟುಕೊಂಡು ಅರ್ಥವನ್ನು ಎಸೆದಂತೆ. ಯೂಪಕ್ಕಾಗಿ ಒಂದು ಮರವನ್ನು ಕಡಿದಾಗ ಅದು ನೂರಾಗಿ ಚಿಗುರಲಿಯೆಂದು ಬೇಡಿದ ವೇದವು ಇಂಥ ಜೀರ್ಣೋದ್ಧಾರಕ್ಕೆ ಪ್ರಮಾಣವಾಗಲಾರದು.

7

ಇದುವರೆಗಿನ ವಿಚಾರದಿಂದ ಫಲಿಸಿದುದಿಷ್ಟು. ವನಾರಾಧನೆಯು ಒಂದು ಜನಾಂಗದ್ದೂ ಒಂದು ಮತದ್ದೂ ಅಲ್ಲ. ಅನುಮತಿಯಿಲ್ಲದೆ ಕಡಿಯಕೂಡದೆಂಬ ತತ್ತ್ವವು ಕೆಲ್ಟರ ನೆಮೆಟಾನ್, ರೋಮನರ ಪವಿತ್ರವನ, ವೈದಿಕರ ಯೂಪವಿಧಿ, ಮಲೆನಾಡಿನ ಕಾನು ಇವುಗಳಲ್ಲಿ ಬೇರೆಬೇರೆ ರೂಪದಿಂದ ಕಾಣುವುದು. ಡ್ರೂಯಿಡರ ವನವು ಗೆದ್ದವರ ಗ್ರಂಥದಲ್ಲಿ ಉಳಿಯಿತು; ಕಾನು ಇನ್ನೂ ನೆಲದ ಮೇಲೆ ಉಳಿದಿರುವುದು. ಮೊದಲು ಕೇಳಿದ ಪ್ರಶ್ನೆಗೆ ಉತ್ತರವೂ ಇದರಿಂದ ದೊರೆಯುವುದು: ಕಾನೂ ಬನವೂ ಬಹುಕಾಲ ಸಹವಾಸದಿಂದಿದ್ದು, ಈಚೆಗೆ ಮಾತ್ರ ಒಂದು ಮತ್ತೊಂದನ್ನು ನುಂಗಲು ತೊಡಗಿರುವುದು.

ಸಾಹಿತ್ಯವನ್ನು ಬೋಧಿಸುವವರಿಗೆ ಇಲ್ಲಿ ಒಂದು ಕರ್ತವ್ಯವುಂಟು. ಊರೂರಿನ ಕಾನಿನ ಹೆಸರು, ಅದರ ದೇವತೆ, ಗಡಿ, ಹಳ್ಳ, ಪೂಜೆಯ ದಿನ, ಪೂಜಿಸುವ ಮನೆತನ ಇವನ್ನು ಮುದುಕರ ಬಾಯಿಂದ ಕೇಳಿ ಬರೆದಿಡುವುದು ಶಾಸನಗಳ ಪ್ರತಿಯೆತ್ತುವುದಕ್ಕಿಂತ ಕಡಮೆಯ ಕೆಲಸವಲ್ಲ. ದಫ್ತರದಲ್ಲಿ ಹೆಸರಿಲ್ಲದ ಕಾನನ್ನು ಕಾಪಾಡುವುದು ಕಷ್ಟ. ಬನವಾಸಿಯ ವರ್ಣನೆಯನ್ನು ಪಾಠಹೇಳುವಾಗ ‘ಬನ’ವು ‘ವನ’ದ ತದ್ಭವವೆಂದು ಹೇಳಿ ಮುಗಿಸದೆ, ಆ ವಿದ್ಯಾರ್ಥಿಯ ಊರಿನಲ್ಲಿ ಬನವು ಇನ್ನೂ ಇದೆಯೇ ಎಂದು ಕೇಳುವುದು ಉಚಿತ.